ಆಗ ಬಾರದ ಅಳು ಈಗ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂಬತ್ತು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪ ಕುಡಿದು ಬಂದು ಹೊಡೀತಿದ್ದ. ತಮ್ಮ ಆಗ ಎರಡು ವರ್ಷದ ಕೂಸು, ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅಡಿಗೆ ಮಾಡ್ತಿದ್ದೆ. ಐದನೇ ಕ್ಲಾಸಿಗೆ ಸ್ಕೂಲು ಬಿಡಿಸಿ ರೇಷ್ಮೆ ನೂಲು ತೆಗೆಯೋ ಫಿಲೇಚರ್ ಕೆಲಸಕ್ಕೆ ಹಾಕಿದರು. ಬಿಸಿನೀರಲ್ಲಿ ಗೂಡು ತಿರುವಿ ತಿರುವಿ ಬೆರಳ ತುದಿ ಚರ್ಮ ಸುಲಿದುಹೋಗ್ತಿತ್ತು. ರಾತ್ರಿ ಮುದ್ದೆ ಮುರಿದು ಉಪ್ಸಾರಿಗೆ ಅದ್ದಿದರೆ ಕಣ್ಣಲ್ಲಿ ನೀರು ಬರೋ ಹಾಗೆ ಉರಿ. ಆದರೂ ಅತ್ತವಳಲ್ಲ. ಮದುವೆಯಾದ ಮೇಲೆ ದೇವರು ಚೆನ್ನಾಗಿ ಇಟ್ಟ. ಯಜಮಾನರು ಒಳ್ಳೆಯವರು, ಎರಡು ಎಕರೆ ಹಿಪ್ಪುನೇರಳೆ ಇದೆ, ಮಗ ಇಂಜಿನಿಯರಿಂಗ್ ಸೇರಿ ಹಾಸ್ಟೆಲ್‌ಗೆ ಹೋದ, ಮಗಳು ಹತ್ತನೇ ಕ್ಲಾಸು. ಮಗ ಹೋಗಿ ನಾಲ್ಕು ತಿಂಗಳು. ಅವತ್ತಿನಿಂದ ಮೂರು ಗಂಟೆಗೇ ಎಚ್ಚರ. ಊಟ ಸೇರಲ್ಲ, ಹುಳುಮನೆಗೆ ಹೋಗಲು ಕಾಲು ಬರಲ್ಲ, ಸುಮ್ಮಸುಮ್ಮನೆ ಅಳು. ಕಾಲು ನೋವು ಅಂತ ತೋರಿಸಿದರೆ ಎಲ್ಲಾ ನಾರ್ಮಲ್ ಅಂದರು. ಅಷ್ಟು ಕಷ್ಟದಲ್ಲಿ ಅಳದವಳು, ಏನೂ ಕೊರತೆ ಇಲ್ಲದ ಈಗ ಯಾಕೆ ಅಳ್ತೀನಿ? ಚಾಕಿಯಲ್ಲಿ, ಅಂದರೆ ಎಳೆಯದಿದ್ದಾಗ, ಕೆಟ್ಟ ಹುಳು ಕೊನೆಗೆ ಗೂಡು ಕಟ್ಟಲ್ಲ ಅಂತಾರೆ, ನಂದೂ ಹಾಗೇನಾ? ಇದು ಮಗಳಿಗೂ ಬರುತ್ತಾ? ಕೆಲವು ದಿನ, ಬೆಳಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ಸುತ್ತೆ.

ಉತ್ತರ: ಅಮ್ಮಾ, ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ಹಿಡಿಯುತ್ತೇನೆ. ‘ಏಳದೇ ಇದ್ದರೆ ಚೆನ್ನಾಗಿತ್ತು’ ಎಂಬುದನ್ನು ನೀವು ಎಲ್ಲದರ ಕೊನೆಗೆ, ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಹೇಳುವ ಮಾತಿನ ಹಾಗೆ ಬರೆದಿದ್ದೀರಿ. ಓಪಿಡಿಯಲ್ಲೂ ಹೀಗೇ. ಹತ್ತು ನಿಮಿಷ ಕಾಲು ನೋವು, ಗ್ಯಾಸು, ಸುಸ್ತು ಎಂದು ಹೇಳಿ, ಚೀಟಿ ಕೈಗೆ ಬಂದ ಮೇಲೆ ಎದ್ದು ನಿಂತು ನಿಜವಾದ ಮಾತು ಹೇಳುತ್ತಾರೆ. ಈ ಯೋಚನೆಯನ್ನು ಇವತ್ತೇ ನಿಮ್ಮ ಯಜಮಾನರಿಗೆ ಹೇಳಿ. ಟೊಮೆಟೊಗೋ ದ್ರಾಕ್ಷಿಗೋ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೇರೆ ಕಡೆ ಸಾಗಿಸಿ ಬೀಗ ಹಾಕಲು ಹೇಳಿ. ನಿಮ್ಮ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ಇಂಥ ಯೋಚನೆ ಅಲೆಯ ಹಾಗೆ ಬಂದು ಹೋಗುತ್ತದೆ, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗಬಾರದು, ಅಷ್ಟೇ. 14416 ಎಂಬ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರದ ಸೇವೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೂರು ಗಂಟೆಗೆ ಎಚ್ಚರವಾದಾಗಲೂ ಮಾಡಬಹುದು.

ಇನ್ನು ನಿಮ್ಮ ಪ್ರಶ್ನೆ. ‘ಏನೂ ಕೊರತೆ ಇಲ್ಲ’ ಎಂದು ಬರೆದಿದ್ದೀರಿ. ಅದರೊಳಗೆ ಒಂದು ತಪ್ಪೊಪ್ಪಿಗೆಯ ದನಿ ಇದೆ, ಸುಖವಾಗಿದ್ದೂ ಅಳುವುದು ಕೊಬ್ಬು ಎಂಬ ಹಾಗೆ. ನಮ್ಮ ಕಡೆ ಕಷ್ಟದ ಬಗ್ಗೆ ಒಂದು ನಂಬಿಕೆ ಇದೆ: ಕಷ್ಟಪಟ್ಟವರು ಕಲ್ಲಾಗುತ್ತಾರೆ, ಮುಂದೆ ಯಾವುದಕ್ಕೂ ಜಗ್ಗುವುದಿಲ್ಲ. ಕೆಲಸದ ಮಟ್ಟಿಗೆ ಇದು ನಿಜವೇ ಇರಬಹುದು, ನಿಮ್ಮಷ್ಟು ದುಡಿಯುವವರನ್ನು ನಾನೂ ಕಂಡಿದ್ದೇನೆ. ಮನಸ್ಸಿನ ಮಟ್ಟಿಗೆ ಮಾತ್ರ ಅದು ಹಾಗಲ್ಲ. ನಿಮ್ಮದು ಖಿನ್ನತೆ ಎಂಬ ಕಾಯಿಲೆ ಇರಬೇಕು ಎಂದು ನನ್ನ ಅಂದಾಜು, ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

1970ರ ದಶಕದಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಬಡಾವಣೆಯಲ್ಲಿ ಜಾರ್ಜ್ ಬ್ರೌನ್, ಟಿರಿಲ್ ಹ್ಯಾರಿಸ್ ಎಂಬ ಇಬ್ಬರು ಸಂಶೋಧಕರು ಸಾಮಾನ್ಯ ಹೆಂಗಸರನ್ನು ಮನೆಮನೆಗೆ ಹೋಗಿ ಮಾತಾಡಿಸಿದರು. ಖಿನ್ನತೆಗೆ ಜಾರಿದವರಲ್ಲಿ ಬಹಳ ಮಂದಿಗೆ ಹಿಂದಿನ ಕೆಲವು ತಿಂಗಳಲ್ಲಿ ಒಂದು ನಷ್ಟ ಆಗಿತ್ತು: ಯಾರೋ ಹೋದರು, ಏನೋ ಕೈತಪ್ಪಿತು. ಆದರೆ ಅಂಥದೇ ನಷ್ಟ ಆದ ಎಲ್ಲರೂ ಜಾರಿರಲಿಲ್ಲ. ಜಾರಿದವರ ಬದುಕಿನಲ್ಲಿ ಕೆಲವು ಸಂಗತಿಗಳು ಮತ್ತೆ ಮತ್ತೆ ಸಿಕ್ಕವು. ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಂದು ಜೀವ ಇಲ್ಲದಿರುವುದು ಅದರಲ್ಲಿ ಒಂದು. ಇನ್ನೊಂದು, ಹನ್ನೊಂದು ವರ್ಷ ತುಂಬುವ ಮುಂಚೆ ತಾಯಿಯನ್ನು ಕಳೆದುಕೊಂಡಿರುವುದು.

ಇದನ್ನು ಓದಿ ‘ನನ್ನ ಹಣೆಬರಹ ಬರೆದಾಯಿತು’ ಅಂದುಕೊಳ್ಳಬೇಡಿ, ಕಥೆ ಇನ್ನೂ ಇದೆ. ಕೆಲವು ವರ್ಷಗಳ ನಂತರ ಅದೇ ತಂಡ ಲಂಡನ್ನಿನ ಇನ್ನೊಂದು ಭಾಗ ವಾಲ್ತಮ್‌ಸ್ಟೋದಲ್ಲಿ ಇನ್ನಷ್ಟು ಹತ್ತಿರದಿಂದ ನೋಡಿತು. ತಾಯಿ ಸತ್ತಿದ್ದಕ್ಕಿಂತ ಹೆಚ್ಚಾಗಿ, ಸತ್ತ ಮೇಲೆ ಆ ಮಗುವನ್ನು ಯಾರು ನೋಡಿಕೊಂಡರು, ಹೇಗೆ ನೋಡಿಕೊಂಡರು ಎಂಬುದೇ ಲೆಕ್ಕಕ್ಕೆ ಬಂತು. ಅಜ್ಜಿಯೋ ಚಿಕ್ಕಮ್ಮನೋ ಮಡಿಲಿಗೆ ಎಳೆದುಕೊಂಡ ಮಕ್ಕಳಿಗೆ ಅಷ್ಟು ಏಟು ಬಿದ್ದಿರಲಿಲ್ಲ. ಯಾರೂ ಗಮನಿಸದೆ ಬಿಟ್ಟ ಮಕ್ಕಳಿಗೆ ಬಿದ್ದಿತ್ತು.

ಈಗ ನಿಮ್ಮ ಪತ್ರ ಇನ್ನೊಮ್ಮೆ ನೋಡಿ. ಅಮ್ಮ ಹೋದ ಮೇಲೆ ನೀವು ಏನೇನು ಮಾಡಿದಿರಿ ಎಂದು ಬರೆದಿದ್ದೀರಿ, ತಮ್ಮನನ್ನು ಹೊತ್ತಿದ್ದು, ಅಡಿಗೆ, ಫಿಲೇಚರ್. ನಿಮಗೆ ಯಾರು ತಲೆ ಬಾಚಿದರು, ಜ್ವರ ಬಂದಾಗ ಯಾರು ಪಕ್ಕದಲ್ಲಿ ಕೂತರು ಎಂಬುದು ಒಂದು ಕಡೆಯೂ ಇಲ್ಲ. ಮರೆತು ಬಿಟ್ಟಿದ್ದೀರಿ ಅಂತ ನನಗೆ ಅನ್ನಿಸುವುದಿಲ್ಲ. ಬರೆಯಲು ಅಂಥವರು ಯಾರೂ ಇರಲಿಲ್ಲ. ಅಳುವುದಕ್ಕೂ ಎದುರಿಗೆ ಒಬ್ಬರು ಬೇಕು, ತಾಯೀ. ಒಂಬತ್ತು ವರ್ಷದ ಹುಡುಗಿ ಸೊಂಟದ ಮೇಲೆ ಕೂಸು ಇಟ್ಟುಕೊಂಡು ಅಳುತ್ತಾ ಕೂತರೆ ಒಲೆ ಯಾರು ಹಚ್ಚಬೇಕು? ಆಗ ಅಳು ಬರಲಿಲ್ಲ ಅಂದರೆ ನೋವಾಗಲಿಲ್ಲ ಅಂತಲ್ಲ, ಪುರುಸೊತ್ತಿರಲಿಲ್ಲ ಅಂತ.

ಹಾಗಾದರೆ 34 ವರ್ಷ ಆದ ಮೇಲೆ ಯಾಕೆ? ನಮ್ಮ ಮೈಯಲ್ಲಿ ಅಪಾಯಕ್ಕೆ ಎದುರು ನಿಲ್ಲುವ ಒಂದು ಏರ್ಪಾಡಿದೆ. ಬೆದರಿಕೆ ಕಂಡ ತಕ್ಷಣ ಮೆದುಳು ಸುದ್ದಿ ಕೊಡುತ್ತದೆ, ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ಬಿಡುತ್ತದೆ, ಮೈ ಸಜ್ಜಾಗುತ್ತದೆ. ಅಪಾಯ ದಾಟಿದ ಮೇಲೆ ಮೆದುಳೇ ‘ಸಾಕು’ ಅನ್ನಬೇಕು. ಸಂಜೆ ಬಾಗಿಲು ಸದ್ದಾದರೆ ಅಪ್ಪ ಯಾವ ಸ್ಥಿತಿಯಲ್ಲಿ ಬಂದಿದ್ದಾನೋ ಎಂದು ವರ್ಷಗಟ್ಟಲೆ ಕಿವಿ ನಿಮಿರಿಸಿಕೊಂಡು ಬೆಳೆದ ಮಗುವಿನಲ್ಲಿ ಆ ‘ಸಾಕು’ ಎನ್ನುವ ಅಭ್ಯಾಸವೇ ಸರಿಯಾಗಿ ಕೂರುವುದಿಲ್ಲ. ಕೆನಡಾದ ಮೈಕೆಲ್ ಮೀನಿ ಅವರ ತಂಡ ಇಲಿಗಳಲ್ಲಿ ಇದನ್ನು ತೋರಿಸಿತು. ತಾಯಿ ಇಲಿ ಚೆನ್ನಾಗಿ ನೆಕ್ಕಿ ಸಾಕಿದ ಮರಿಗಳು ದೊಡ್ಡವಾದ ಮೇಲೆ ಗಾಬರಿಯಿಂದ ಬೇಗ ಸುಧಾರಿಸಿಕೊಳ್ಳುತ್ತಿದ್ದವು, ನೆಕ್ಕಿಸಿಕೊಳ್ಳದವು ಇಲ್ಲ. ನೆಕ್ಕದ ತಾಯಿಯ ಮರಿಯನ್ನು ನೆಕ್ಕುವ ತಾಯಿಯ ಬಳಿ ಬಿಟ್ಟರೆ ಆ ಮರಿಯೂ ಸರಿಯಾಗಿ ಬೆಳೆಯಿತು. 2004ರಲ್ಲಿ ಅವರು ಇನ್ನೊಂದನ್ನು ಪ್ರಕಟಿಸಿದರು: ಈ ಆರೈಕೆಯ ಗುರುತು ಮೆದುಳಿನ ಜೀನುಗಳ ಮೇಲೇ ಬಿದ್ದಿರುತ್ತದೆ, ಜೀನು ಬದಲಾಗುವುದಿಲ್ಲ, ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದು ಬದಲಾಗುತ್ತದೆ. ಇಲಿಯ ವಿಷಯವನ್ನು ಮನುಷ್ಯರಿಗೆ ಹಾಗೇ ಅಂಟಿಸಬಾರದು, ಆದರೆ ದಾರಿ ಅದೇ ಇರಬೇಕು ಎನ್ನಲು ಮನುಷ್ಯರಲ್ಲೂ ಸಾಕಷ್ಟು ಸುಳಿವುಗಳಿವೆ.

ಇದರ ಫಲ ಏನೆಂದರೆ, ದೊಡ್ಡವರಾದ ಮೇಲೆ ಬೇರೆಯವರನ್ನು ಬೀಳಿಸದ ಚಿಕ್ಕ ಪೆಟ್ಟು ಇವರನ್ನು ಬೀಳಿಸಿಬಿಡುತ್ತದೆ. 2000ದಲ್ಲಿ ಅಮೆರಿಕದ ಕಾನ್‌ಸ್ಟೆನ್ಸ್ ಹ್ಯಾಮೆನ್ ಮತ್ತು ಜೊತೆಗಾರರು ಹರೆಯದ ಹೆಣ್ಣುಮಕ್ಕಳಲ್ಲಿ ಇದನ್ನೇ ಕಂಡರು. ಬಾಲ್ಯದಲ್ಲಿ ಕಷ್ಟ ಕಂಡವರು ಖಿನ್ನತೆಗೆ ಬೀಳಲು ದೊಡ್ಡ ಆಘಾತ ಬೇಕಿರಲಿಲ್ಲ. ಹಾಗಾಗಿ ‘ಇಷ್ಟಕ್ಕೇನಾ?’ ಎಂದು ಮನೆಯವರು ಕೇಳುತ್ತಾರೆ, ನೀವೂ ನಿಮ್ಮನ್ನೇ ಕೇಳಿಕೊಳ್ಳುತ್ತೀರಿ. ಮಗ ಹಾಸ್ಟೆಲ್‌ಗೆ ಹೋಗುವುದು ಸಂತೋಷದ ವಿಷಯ, ಒಪ್ಪಿದೆ. ಆದರೆ ಒಂಬತ್ತನೇ ವಯಸ್ಸಿನಿಂದ ಯಾರನ್ನಾದರೂ ಸೊಂಟದ ಮೇಲೆ ಹೊತ್ತೇ ಬದುಕಿದವರಿಗೆ ಸೊಂಟ ಖಾಲಿಯಾಗುವುದು ಚಿಕ್ಕ ನಷ್ಟವೇನಲ್ಲ. ಇದು ನನ್ನ ಊಹೆ. ಸರಿಯೋ ಅಲ್ಲವೋ ನೀವೇ ಹೇಳಬೇಕು.

ಇಂಥ ತಡವಾದ ತೊಂದರೆ ಅಪರೂಪವೂ ಅಲ್ಲ. ರೊಮೇನಿಯಾದ ಅನಾಥಾಲಯಗಳಲ್ಲಿ ಭೀಕರವಾಗಿ ಕಡೆಗಣಿಸಲ್ಪಟ್ಟ ಕೂಸುಗಳನ್ನು 1990ರ ಸುಮಾರಿಗೆ ಇಂಗ್ಲೆಂಡಿನ ಮನೆಗಳು ದತ್ತು ತೆಗೆದುಕೊಂಡವು. ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ಅವರನ್ನು ದೊಡ್ಡವರಾಗುವ ತನಕ ನೋಡುತ್ತಾ ಬಂದರು. ಆರು ತಿಂಗಳಾಗುವ ಮುಂಚೆ ಒಳ್ಳೆಯ ಮನೆ ಸೇರಿದವರು ಬಹುತೇಕ ಎಲ್ಲ ಮಕ್ಕಳಂತೆ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಕೆಲವರಿಗೆ ಚಿಕ್ಕಂದಿನಲ್ಲಿ ಕಾಣದ ಆತಂಕ, ಖಿನ್ನತೆ ಇಪ್ಪತ್ತರ ಆಸುಪಾಸಿನಲ್ಲಿ ತಲೆಯೆತ್ತಿದವು. ಅದೇ ಗುಂಪಿನಲ್ಲಿ ಐವರಲ್ಲಿ ಒಬ್ಬರಷ್ಟು ಮಂದಿಗೆ ಯಾವ ವಯಸ್ಸಿನಲ್ಲೂ ಏನೂ ಆಗಲಿಲ್ಲ ಎಂಬುದನ್ನೂ ಹೇಳಲೇಬೇಕು.

ನಿಮ್ಮ ಚಾಕಿಯ ಮಾತು ನನಗೆ ಬಹಳ ಹಿಡಿಸಿತು. ಹುಳು ಸಾಕದ ಓದುಗರಿಗೆ ಒಂದು ಮಾತು: ಮೊಟ್ಟೆಯೊಡೆದ ಹುಳು ಎರಡನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ಏಳುವ ತನಕ ಚಾಕಿ. ಆಗ ಎಳೆ ಸೊಪ್ಪು, ಹದವಾದ ಶಾಖ, ತೇವ ಸಿಗಬೇಕು. ಅಲ್ಲಿ ಎಡವಟ್ಟಾದರೆ ಹುಳು ಆಗಲೇ ಸಾಯುವುದಿಲ್ಲ. ನಾಲ್ಕನೇ ಜ್ವರ ಎದ್ದು ಗಬಗಬ ತಿನ್ನುವ ಕೊನೆಯ ವಾರದಲ್ಲಿ, ಒಂದು ದಿನ ಸೆಕೆ ಹೆಚ್ಚಾದರೆ, ಸೊಪ್ಪು ಒದ್ದೆಯಿದ್ದರೆ, ಆಗ ಕೆಡುತ್ತದೆ. ರೈತ ಆ ದಿನದ ಸೊಪ್ಪನ್ನು ಬೈಯುತ್ತಾನೆ. ಮೇಲೆ ನಾನು ಇಷ್ಟುದ್ದ ಹೇಳಿದ್ದನ್ನು ನೀವು ಒಂದೇ ಸಾಲಿನಲ್ಲಿ ಹೇಳಿದ್ದೀರಿ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲಬೇಕು. ಹುಳುವಿಗೆ ಇರುವುದು ಇಪ್ಪತ್ತೈದು ದಿನ ಚಿಲ್ಲರೆ, ರಿಪೇರಿಗೆ ಸಮಯವಿಲ್ಲ. ಮನುಷ್ಯನ ಮೆದುಳು 43ರಲ್ಲೂ ಕಲಿಯುತ್ತದೆ, ಕಲಿತದ್ದನ್ನು ಬಿಡುತ್ತದೆ. ಅದೂ ಅಲ್ಲದೆ, ಗೂಡು ಕಟ್ಟಲ್ಲ ಅಂದರೆ ಏನು? ತಮ್ಮನನ್ನು ಸಾಕಿ, ಇಬ್ಬರು ಮಕ್ಕಳನ್ನು ಓದಿಸಿದವರು ನೀವು. ಗೂಡು ಕಟ್ಟಿ ಆಗಿದೆ.

ಲೆಕ್ಕ ಬೇಕು ಎನ್ನುವವರಿಗಾಗಿ: ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1995ರಿಂದ 97ರವರೆಗೆ 17,000ಕ್ಕೂ ಹೆಚ್ಚು ಜನರನ್ನು ಬಾಲ್ಯದ ಬಗ್ಗೆ ಕೇಳಿದರು, ಹೊಡೆತ, ಲೈಂಗಿಕ ದೌರ್ಜನ್ಯ, ಕುಡುಕ ಪೋಷಕರು, ತಾಯಿಗೆ ಹೊಡೆಯುವುದನ್ನು ನೋಡಿದ್ದು, ಹೀಗೆ. 1998ರಲ್ಲಿ ಮೊದಲ ವರದಿ ಬಂತು. ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವೆಲ್ಲದರ ಅಪಾಯ ಏನೂ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಇತ್ತು. ಇವತ್ತು ಮೊಬೈಲಿನಲ್ಲಿ ಇದರ ಅಂಕ ಹಾಕಿಕೊಂಡು ‘ನನ್ನದು ಆರು’ ಎಂದು ಬರುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಸಾವಿರಾರು ಜನರ ಸರಾಸರಿ ನಿಮ್ಮೊಬ್ಬರ ಭವಿಷ್ಯ ಹೇಳುವುದಿಲ್ಲ. ಬಾಲ್ಯದಲ್ಲಿ ನರಳಿದವರಲ್ಲಿ ಎಷ್ಟೋ ಜನಕ್ಕೆ ಖಿನ್ನತೆ ಬರುವುದೇ ಇಲ್ಲ, ಮುದ್ದಿನಿಂದ ಬೆಳೆದವರಿಗೂ ಬರುತ್ತದೆ.

ಕಾಲು ನೋವಿನ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮ ಡಾಕ್ಟರುಗಳು ಇಲ್ಲಿ ಎರಡು ಕಡೆಗೂ ತಪ್ಪುತ್ತೇವೆ. ಖಿನ್ನತೆ ನಮ್ಮ ಜನರಲ್ಲಿ ಮೈ ನೋವಾಗಿಯೇ ಬಾಯಿಬಿಡುತ್ತದೆ, ನಿಜ. ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಚಿಕ್ಕಬಳ್ಳಾಪುರ, ಕೋಲಾರದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಕೀಲು, ಬೆನ್ನು ಹಿಡಿಯಬಹುದು. ಎಲ್ಲಾ ನಾರ್ಮಲ್ ಅಂದವರು ಏನೇನು ಪರೀಕ್ಷೆ ಮಾಡಿದರೋ ಗೊತ್ತಿಲ್ಲ. ಹಿಮೋಗ್ಲೋಬಿನ್, ಥೈರಾಯಿಡ್, ಬಿ12 ಆಗಿವೆಯೇ ನೋಡಿ. ನಿಮ್ಮ ವಯಸ್ಸಿಗೆ ಮುಟ್ಟು ಏರುಪೇರಾಗುವ ಕಾಲವೂ ಇದೇ, ಅದೂ ನಿದ್ದೆಗೆಡಿಸುತ್ತದೆ.

ಇಷ್ಟಾದ ಮೇಲೂ ನನ್ನ ಅಂದಾಜು ಇದು ಖಿನ್ನತೆಯೇ. ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಕೆಡುವುದು, ತಪ್ಪಿತಸ್ಥ ಭಾವನೆ, ಸಾವಿನ ಯೋಚನೆ, ಇಂಥ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಎರಡು ವಾರ ಬಿಡದೆ ಇದ್ದರೆ ನಾವು ಹಾಗೆ ಹೇಳುತ್ತೇವೆ. ನಿಮ್ಮದು ನಾಲ್ಕು ತಿಂಗಳು. ಮುಖ ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ. ನೀವು ಒಬ್ಬರೇ ಏನೂ ಅಲ್ಲ. ನಿಮ್ಹಾನ್ಸ್‌ನವರು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ (ಅದರ ಪೂರ್ವತಯಾರಿಯ ಅಧ್ಯಯನ ನಡೆದದ್ದು ನಮ್ಮ ಪಕ್ಕದ ಕೋಲಾರ ಜಿಲ್ಲೆಯಲ್ಲೇ) ಇಪ್ಪತ್ತು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿತ್ತು. ಹೆಂಗಸರಲ್ಲಿ ಹೆಚ್ಚು, 40ರಿಂದ 49ರ ವಯಸ್ಸಿನವರಲ್ಲಿ ಹೆಚ್ಚು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರಕ್ಕೂ ಬಂದಿರಲಿಲ್ಲ.

ಚಿಕಿತ್ಸೆ ನಿಮ್ಮಂಥವರಿಗೆ ಹತ್ತುತ್ತದೆಯೇ? ಇದರಲ್ಲಿ ನಮ್ಮ ವೈದ್ಯರ ಅಭಿಪ್ರಾಯವೇ ಬದಲಾಗಿದೆ. 2012ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಬಾಲ್ಯದಲ್ಲಿ ಹಿಂಸೆ ಕಂಡವರ ಖಿನ್ನತೆ ಮರುಕಳಿಸುವ ಅಥವಾ ಉಳಿದುಬಿಡುವ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು ಕಂಡಿತ್ತು. ಅದನ್ನು ಓದಿ ಕೆಲವರು ‘ಇವರಿಗೆ ಔಷಧಿ ಅಷ್ಟಕ್ಕಷ್ಟೇ’ ಎಂದು ಕೈಚೆಲ್ಲಿದ್ದೂ ಉಂಟು. 2022ರಲ್ಲಿ 29 ಅಧ್ಯಯನಗಳ, 6,830 ರೋಗಿಗಳ ಲೆಕ್ಕ ಬಂತು. ಬಾಲ್ಯದ ಪೆಟ್ಟು ತಿಂದವರ ಕಾಯಿಲೆ ಶುರುವಿನಲ್ಲಿ ಹೆಚ್ಚು ತೀವ್ರವಾಗಿರುತ್ತದೆ, ಆದರೆ ಚಿಕಿತ್ಸೆಯಿಂದ ಮಿಕ್ಕವರಷ್ಟೇ ಸುಧಾರಿಸುತ್ತಾರೆ. ನಾನು ಓಪಿಡಿಯಲ್ಲಿ ನೋಡುವುದೂ ಇದನ್ನೇ.

ಮಾತ್ರೆ ಕೊಟ್ಟರೆ ಹೆದರಬೇಡಿ. ಸರ್ಟ್ರಾಲಿನ್, ಎಸಿಟಾಲೊಪ್ರಾಮ್ ಥರದವು ಚಟ ಹಿಡಿಸುವುದಿಲ್ಲ. ಮೊದಲ ವಾರ ಹೊಟ್ಟೆ ತೊಳಸಬಹುದು, ಆಗಲೇ ಎಲ್ಲರೂ ಬಿಟ್ಟುಬಿಡುವುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಚೆನ್ನಾಗಾದ ಮೇಲೂ ಕನಿಷ್ಠ ಆರು ತಿಂಗಳು ನುಂಗಬೇಕು, ನಿಲ್ಲಿಸುವಾಗ ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬೇಕು. ಆದರೆ ಮೆಡಿಕಲ್ ಶಾಪಿನಲ್ಲಿ ‘ನಿದ್ದೆಗೆ ಏನಾದ್ರೂ ಕೊಡಿ’ ಅಂತ ಕೇಳಿ ತರುವ ಅಲ್ಪ್ರಜೋಲಾಮ್ ಬೇರೆ ವಿಷಯ, ಅದು ಚಟ ಹಿಡಿಸುತ್ತದೆ. ಪಕ್ಕದ ಮನೆಯವರು ಒಂದು ಸ್ಟ್ರಿಪ್ ಕೊಟ್ಟಿದ್ದರೆ ವಾಪಸ್ ಕೊಡಿ.

ಮಾತಿನ ಚಿಕಿತ್ಸೆ ಅಂದ ತಕ್ಷಣ ಹಳೆಯದನ್ನೆಲ್ಲ ಕೆದಕುತ್ತಾರೆ ಎಂಬ ಭಯ ಇದೆ. ಕೆದಕಲೇಬೇಕೆಂದಿಲ್ಲ. ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ, ಡಾಕ್ಟರಲ್ಲದ ಸ್ಥಳೀಯ ಜನರಿಗೇ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೆಂಟು ಭೇಟಿಗಳ ಒಂದು ಸರಳ ಚಿಕಿತ್ಸೆ ನಡೆಸಿತು. 2017ರಲ್ಲಿ ಫಲಿತಾಂಶ ಬಂತು: ಮೂರು ತಿಂಗಳಲ್ಲಿ ಆ ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ 64 ಜನ ಚೇತರಿಸಿಕೊಂಡಿದ್ದರು, ಸಿಗದವರಲ್ಲಿ 39. ಅದರ ತಿರುಳು, ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಅಂತ ಕಾಯದೆ, ಚಿಕ್ಕದೊಂದು ಕೆಲಸ ಮಾಡಿ ಮನಸ್ಸು ಬರುತ್ತದೆಯೇ ನೋಡುವುದು. ನೀವು ನಾಳೆ ಹುಳುಮನೆಗೆ ಹೋಗಿ ಎಲ್ಲ ತಟ್ಟೆಗೂ ಸೊಪ್ಪು ಹಾಕಬೇಕಿಲ್ಲ. ಒಂದು ತಟ್ಟೆಗೆ ಹಾಕಿ ಬನ್ನಿ. ಸಂಜೆ ಡೇರಿಗೆ ಹಾಲು ಹಾಕುವುದನ್ನು ಮಗಳಿಗೆ ವಹಿಸಿಬಿಟ್ಟಿದ್ದರೆ ಅದೊಂದನ್ನು ವಾಪಸ್ ತಗೊಳ್ಳಿ. ಅಲ್ಲಿ ನಾಲ್ಕು ಜನ ಸಿಗುತ್ತಾರೆ, ಕ್ಯಾನ್ ಹಿಡಿದು ನಿಂತಾಗ ಯಾರೂ ‘ಯಾಕೆ ಹಿಂಗಾದೆ’ ಅಂತ ಉದ್ದಕ್ಕೆ ಕೇಳುವುದಿಲ್ಲ.

ಮಗಳ ಬಗ್ಗೆ. ಖಿನ್ನತೆ ಇರುವ ತಾಯಿಯ ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚು, ಸುಳ್ಳು ಹೇಳುವುದಿಲ್ಲ. ಆದರೆ ಮರ್ನಾ ವೈಸ್‌ಮನ್ ಮತ್ತು ಜೊತೆಗಾರರು 2006ರಲ್ಲಿ ತೋರಿಸಿದ್ದನ್ನು ಕೇಳಿ. ಮೂರು ತಿಂಗಳಲ್ಲಿ ತಾಯಿ ಗುಣವಾದ ಮನೆಗಳಲ್ಲಿ ಮಕ್ಕಳ ಮಾನಸಿಕ ತೊಂದರೆಗಳು ಇಳಿದವು, ತಾಯಿ ಗುಣವಾಗದ ಮನೆಗಳಲ್ಲಿ ಏರಿದವು. ಆ ಅಧ್ಯಯನದಲ್ಲಿ ಔಷಧಿ ಕೊಟ್ಟದ್ದು ಮಕ್ಕಳಿಗಲ್ಲ, ತಾಯಿಗೆ. ‘ಮಗಳ ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ತೋರಿಸಿಕೊಳ್ತೀನಿ’ ಅಂತ ನೀವು ಯೋಚಿಸುತ್ತಿರಬಹುದು. ಪರೀಕ್ಷೆಯ ವರ್ಷ ಅನ್ನುವ ಕಾರಣಕ್ಕೇ ಈಗ ತೋರಿಸಿಕೊಳ್ಳಿ. ಮತ್ತೆ, ಅವಳು ಅತ್ತರೆ ‘ಅಳಬಾರದು, ನಾನು ಎಷ್ಟು ಕಷ್ಟ ಪಟ್ಟಿದೀನಿ ಗೊತ್ತಾ’ ಅನ್ನಬೇಡಿ. ಪಕ್ಕದಲ್ಲಿ ಕೂತರೆ ಸಾಕು.

ಹೋಗುವುದೆಲ್ಲಿಗೆ? ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮವಿದೆ. ಅದರಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಲ್ಲಿ ಮನೋವೈದ್ಯರು ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಕೇಳಿಸಿಕೊಳ್ಳಿ. ಆ ದಿನಕ್ಕೆ ಎಂಟು ಹತ್ತು ದಿನ ಇದ್ದರೆ ಕಾಯಬೇಡಿ, ಜಿಲ್ಲಾ ಆಸ್ಪತ್ರೆಗೆ ಹೋಗಿ. ಹಳೆಯ ರಿಪೋರ್ಟುಗಳ ಕವರು ತಗೊಂಡು ಹೋಗಿ. ಯಜಮಾನರನ್ನು ಕರೆದುಕೊಂಡು ಹೋಗಿ, ಆದರೆ ಐದು ನಿಮಿಷ ನೀವೊಬ್ಬರೇ ಮಾತಾಡಬೇಕು ಅಂತ ಡಾಕ್ಟರನ್ನು ಕೇಳಿ. ಕೂತ ತಕ್ಷಣ ಕಾಲು ನೋವಿನಿಂದ ಶುರು ಮಾಡಬೇಡಿ. ನನಗೆ ಕೊನೆಗೆ ಬರೆದಿರಲ್ಲ ಆ ಸಾಲು, ಅದನ್ನು ಅಲ್ಲಿ ಮೊದಲು ಹೇಳಿ.